ಮಂಡ್ಯದ ಆಲೆಮನೆಯಲ್ಲಿ ಕಂಡ ಹಾಗಲಕಾಯಿ ಗೊಜ್ಜಿನ ಗುಟ್ಟು

ಹಾಗಲಕಾಯಿ ಗೊಜ್ಜು ಮಾಡದ ಮನೆ ನಮ್ಮ ಹಳೇ ಮೈಸೂರಿನ ಕಡೆ ಸಿಗುವುದು ಕಷ್ಟ. ಹುಣಿಸೆಹಣ್ಣು, ಬೆಲ್ಲ, ಎಳ್ಳು, ಒಣಕೊಬ್ಬರಿ, ಒಂದಿಷ್ಟು ಖಾರ. ಇಷ್ಟೇ ತಾನೇ, ಇದರಲ್ಲೇನು ಮಹಾ ಎನ್ನುತ್ತೀರಿ. ಆದರೆ ಅದೇ ಸಾಮಾನು, ಅದೇ ಅಳತೆ ಹಾಕಿದರೂ ಒಬ್ಬರ ಗೊಜ್ಜು ಎಲೆಯ ತುದಿಯಲ್ಲಿ ಎಣ್ಣೆ ಹಚ್ಚಿದ ಕರಿಮರದ ಹಾಗೆ ಮಿರಮಿರ ಮಿಂಚುತ್ತಾ ಕೂರುತ್ತದೆ. ಇನ್ನೊಬ್ಬರದು ನೀರು ಬಿಟ್ಟುಕೊಂಡು ಅನ್ನದ ಕಡೆ ಓಡುತ್ತದೆ. ಮತ್ತೊಬ್ಬರದು ಮಾರನೆಯ ದಿನಕ್ಕೆ ಕಲ್ಲಾಗಿ, ಹೋಳು ಬಾಯಿಗೆ ಹಾಕಿದರೆ ಚಕ್ಕಳ ಜಗಿದಂತೆ. "ಎಲ್ಲಾ ಕೈಗುಣ ಕಣ್ರೀ" ಎಂದು ಹೇಳಿ ನಾವು ಮಾತು ಮುಗಿಸಿಬಿಡುತ್ತೇವೆ.

ಕೈಗುಣ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಅದರ ಜೊತೆಗೆ ಬೆಲ್ಲದ ಗುಣವೂ ಇದೆ, ಪಾಕವನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕವೂ ಇದೆ. ಇವೆರಡನ್ನೂ ಕಣ್ಣಾರೆ ನೋಡಬೇಕಾದರೆ ಪುಸ್ತಕ ಓದಿ ಪ್ರಯೋಜನವಿಲ್ಲ, ಆಲೆಮನೆಗೇ ಹೋಗಬೇಕು. ನನ್ನ ನಾದಿನಿಯನ್ನು ಕೊಟ್ಟಿರುವುದು ಪಾಂಡವಪುರದ ಹತ್ತಿರದ ಒಂದು ಹಳ್ಳಿಗೆ. ಈ ಸಲ ಸಂಕ್ರಾಂತಿ ಕಳೆದ ವಾರ ಅವಳ ಮನೆಗೆ ಹೋದಾಗ ಆಲೆಮನೆಯಲ್ಲಿ ಒಂದು ದಿನ ಪೂರ್ತಿ ಕೂತು ನೋಡಿದೆ. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು, ಮನೆಗೆ ಬಂದು ಮಾಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ತೆಂಗಿನ ಸೀಮೆಯಿಂದ ಕಬ್ಬಿನ ಸೀಮೆಗೆ

ನಮ್ಮದು ಅರಸೀಕೆರೆ. ತೆಂಗು, ಕೊಬ್ಬರಿಯ ಊರು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿಂದ ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ರೈಲು ಮೈಸೂರಿಗೆ ಹೋಗುತ್ತದೆ. ಮೈಸೂರಿನಲ್ಲಿ ಇಳಿದು ಬೆಂಗಳೂರಿನ ಕಡೆಯ ಗಾಡಿ ಹತ್ತಿದರೆ ಶ್ರೀರಂಗಪಟ್ಟಣ ದಾಟಿ ಪಾಂಡವಪುರ. ಅದೇ ಗಾಡಿಯಲ್ಲಿ ಮುಂದೆ ಹೋದರೆ ಮಂಡ್ಯ. ಬಸ್ಸಿನಲ್ಲೂ ಹೋಗಬಹುದು. ಆದರೆ 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ನೇರ ಹೋಗುವ ಬಸ್ಸುಗಳು ಊರುಗಳ ಹೊರಗಿನಿಂದಲೇ ಹಾಯ್ದುಹೋಗುತ್ತವೆ. ಹತ್ತುವ ಮೊದಲೇ "ಊರೊಳಗೆ ನಿಲ್ಲಿಸ್ತೀರಾ?" ಎಂದು ಕಂಡಕ್ಟರನ್ನು ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ರೈಲೇ ಸುಖ. ಕಿಟಕಿಯ ಪಕ್ಕ ಕೂತು ನೋಡುವುದಕ್ಕೆ ಬೇಕಾದಷ್ಟಿದೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದ ಮೇಲೆ ಕಣ್ಣಿಗೆ ಬೀಳುವುದೆಲ್ಲ ಹಸಿರು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಆಳೆತ್ತರದ ಕಬ್ಬು. ನಡುನಡುವೆ ಹೊಗೆ ಬಿಡುವ ಕೊಳವೆ ಕಂಡರೆ ಅಲ್ಲೊಂದು ಆಲೆಮನೆ ಇದೆ ಎಂದೇ ತಿಳಿಯಿರಿ.

ಈ ಹಸಿರು ತಾನಾಗಿ ಬಂದದ್ದಲ್ಲ. ನೂರು ವರ್ಷದ ಹಿಂದೆ ಇಲ್ಲಿ ಹೆಚ್ಚಿನ ಕಡೆ ಮಳೆ ನಂಬಿದ ರಾಗಿ, ಹುರುಳಿಯ ಹೊಲಗಳೇ ಇದ್ದವು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕೆಲಸ ಪೂರ್ತಿಯಾದದ್ದು 1930ರ ದಶಕದ ಮೊದಲಲ್ಲಿ. ಕಟ್ಟೆಯಿಂದ ಹೊರಟ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ಊರವರ ಬಾಯಲ್ಲಿ ಬರೀ "ವಿ.ಸಿ. ನಾಲೆ". ನೀರು ಬಂದ ಮೇಲೆ ಕಬ್ಬು ಬಂತು. ಕಬ್ಬಿನ ಹಿಂದೆಯೇ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಬೇರೆಯೇ ಜಿಲ್ಲೆಯಾಯಿತು. ಜಿಲ್ಲೆಗೆ "ಸಕ್ಕರೆ ನಾಡು" ಎಂಬ ಹೆಸರು ನಿಂತಿರುವುದು ಹೀಗೆ. ಕಾರ್ಖಾನೆಗೆ ಹೋಗುವ ಕಬ್ಬು ಒಂದು ಕಡೆಯಾದರೆ, ಹಳ್ಳಿಹಳ್ಳಿಯ ಆಲೆಮನೆಗೆ ಹೋಗುವ ಕಬ್ಬು ಇನ್ನೊಂದು ಕಡೆ. ಮಂಡ್ಯದ ಎ.ಪಿ.ಎಂ.ಸಿ. ಅಂಗಳಕ್ಕೆ ಹೋದರೆ ಅಚ್ಚು ಬೆಲ್ಲ, ಕುರಿಕಾಲು ಅಚ್ಚು, ಬಾಕ್ಸ್ ಬೆಲ್ಲ, ಬಕೆಟ್ ಬೆಲ್ಲ ಎಂದು ಒಂದೊಂದಕ್ಕೂ ಬೇರೆ ಹೆಸರು, ಬೇರೆ ದರ.

ಕೊಪ್ಪರಿಗೆಯ ಮುಂದೆ

ಆಲೆಮನೆ ಎಂದರೆ ಗೋಡೆಯಿಲ್ಲದ ಒಂದು ದೊಡ್ಡ ಚಪ್ಪರದ ಮನೆ ಎನ್ನಬಹುದು. ಹೊರಗೆ ಗಾಣ. ಹಿಂದೆ ಎತ್ತು ಕಟ್ಟಿ ತಿರುಗಿಸುತ್ತಿದ್ದರಂತೆ, ಈಗ ಎಲ್ಲ ಕಡೆ ಮೋಟಾರು. ಗಾಣದ ಬಾಯಿಗೆ ಕಬ್ಬು ಕೊಟ್ಟರೆ ಒಂದು ಕಡೆಯಿಂದ ಹಾಲು ಇಳಿಯುತ್ತದೆ, ಇನ್ನೊಂದು ಕಡೆಯಿಂದ ಸಿಪ್ಪೆ ಬೀಳುತ್ತದೆ. ಈ ಸಿಪ್ಪೆಗೆ ಅಲ್ಲಿಯವರು ರಚ್ಚು ಎನ್ನುತ್ತಾರೆ. ಬಿಸಿಲಿಗೆ ಹರವಿ ಒಣಗಿಸಿ ಅದನ್ನೇ ಒಲೆಗೆ ಉರಿಸುತ್ತಾರೆ. ಕಬ್ಬಿನ ಹಾಲು ಕಾಯುವುದಕ್ಕೆ ಕಬ್ಬೇ ಸೌದೆ! ಮಳೆ ಹಿಡಿದರೆ ರಚ್ಚು ಒಣಗುವುದಿಲ್ಲ, ಆಗ ಕೆಲಸ ಕುಂಟುತ್ತದೆ.

ಒಳಗೆ ನೆಲದಲ್ಲಿ ತೋಡಿದ ಒಲೆಯ ಮೇಲೆ ಕೊಪ್ಪರಿಗೆ. ನಮ್ಮ ಮದುವೆ ಮನೆಯ ಕೊಪ್ಪರಿಗೆ ಅದರ ಮುಂದೆ ಮಗುವಿನ ಆಟಿಕೆ. ಹಾಲು ಬಿಸಿಯಾಗುತ್ತಿದ್ದ ಹಾಗೆ ಸ್ವಲ್ಪ ಸುಣ್ಣ ಹಾಕುತ್ತಾರೆ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಲ್ಲಿ ನೆನೆಸಿದ ಲೋಳೆಯನ್ನು ಸುರಿಯುವುದೂ ಹಳೆಯ ಪದ್ಧತಿ. ಆ ಲೋಳೆಗೆ ಅಂಟಿಕೊಂಡು ಕಸವೆಲ್ಲ ಮೇಲೆ ಬರುತ್ತದೆ. ಬಂದ ಮಡ್ಡಿಯನ್ನು ಜಾಲರಿಯಿಂದ ತೆಗೆಯುತ್ತಲೇ ಇರಬೇಕು. ತೆಗೆದಷ್ಟೂ ಬೆಲ್ಲ ಚೊಕ್ಕಟ. ನಾವು ಸಕ್ಕರೆ ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆಯುತ್ತೇವಲ್ಲ, ಅದೇ ಉಪಾಯ. ನೊರೆ ಉಕ್ಕಿ ಬಂದರೆ ನಾಲ್ಕು ಹನಿ ಎಣ್ಣೆ. ಅಷ್ಟಕ್ಕೇ ಕೊಪ್ಪರಿಗೆ ಸುಮ್ಮನಾಗುತ್ತದೆ.

ಆಮೇಲಿನದೇ ನಾವು ಗಮನಿಸಬೇಕಾದ್ದು. ಮೊದಲು ದೊಡ್ಡ ದೊಡ್ಡ ಗುಳ್ಳೆ ಎದ್ದು ಪಟಪಟ ಒಡೆಯುತ್ತಿರುತ್ತದೆ. ನೀರಿನಂಶ ಹೋದ ಹಾಗೆ ಗುಳ್ಳೆ ಸಣ್ಣದಾಗಿ, ಒತ್ತಾಗಿ, ಅದರ ಮೇಲೆ ಒಂದು ಹೊಳಪು ಬರುತ್ತದೆ. ಕಬ್ಬಿನ ಹಾಲು ಮೊದಮೊದಲು ಕುದಿಯುವುದು ನೀರಿನ ಹಾಗೆ ಸುಮಾರು 100 ಡಿಗ್ರಿಯಲ್ಲಿ. ಗಟ್ಟಿಯಾಗುತ್ತಾ ಹೋದಂತೆ ಬಿಸಿ ಏರುತ್ತದೆ. 105ರಿಂದ 106 ಡಿಗ್ರಿಗೆ ಇಳಿಸಿದರೆ ಅದು ಜೋನಿ ಬೆಲ್ಲ. ನಮ್ಮ ಮಲೆನಾಡಿನವರು ದೋಸೆಗೆ ಹಾಕಿಕೊಳ್ಳುತ್ತಾರಲ್ಲ, ಅದೇ. ಅದು ಸುರಿಯುತ್ತದೆ, ಆದರೆ ನೀರಲ್ಲ. ಸುಮಾರು 118 ಡಿಗ್ರಿ ಮುಟ್ಟಿಸಿ ಇಳಿಸಿದರೆ ತಣಿದ ಮೇಲೆ ಅಚ್ಚು ನಿಲ್ಲುವ ಗಟ್ಟಿ ಬೆಲ್ಲ. ಜೋನಿಗೂ ಅಚ್ಚಿಗೂ ನಡುವೆ ಇರುವುದು ಹನ್ನೆರಡು ಡಿಗ್ರಿ, ಅಷ್ಟೇ.

ಆಲೆಮನೆಯಲ್ಲಿ ಅಳೆಯುವ ಕಡ್ಡಿ ಯಾರ ಕೈಯಲ್ಲೂ ನಾನು ಕಾಣಲಿಲ್ಲ. ಪಾಕ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟುತ್ತಾರೆ. ಉಂಡೆ ಕಟ್ಟಿ, ಬಟ್ಟಲಿಗೆ ಬಡಿದರೆ ಟಣ್ ಎನ್ನಬೇಕು. ಅಂದರೆ ಅಚ್ಚಿಗೆ ಸಿದ್ಧ. ಆಗ ನಾಲ್ಕೈದು ಜನ ಸೇರಿ ಕೊಪ್ಪರಿಗೆಯನ್ನು ಬಗ್ಗಿಸಿ ತೊಟ್ಟಿಗೆ ಸುರಿಯುತ್ತಾರೆ. ನಾನು ಹೋದಾಗ ಅಲ್ಲಿ ಕೆಲಸಕ್ಕಿದ್ದವರು ಉತ್ತರ ಪ್ರದೇಶದ ಹುಡುಗರು. ಕನ್ನಡದಲ್ಲಿ "ಬೆಲ್ಲ", "ಉರಿ", "ಸಾಕು" ಇಷ್ಟು ಮಾತು ಚೆನ್ನಾಗಿ ಕಲಿತಿದ್ದರು. ಊಟದ ಮಾತು ಬಂದಾಗ "ಮುದ್ದೆ" ಎಂದು ನಕ್ಕರು. ಊರಿನ ಹುಡುಗರು ಈ ಬೆಂಕಿಯ ಮುಂದೆ ಬಗ್ಗುವುದಿಲ್ಲವಂತೆ, ಬೆಂಗಳೂರಿನ ಬಸ್ಸು ಹತ್ತುತ್ತಾರಂತೆ.

ಲೆಕ್ಕವನ್ನೂ ಕೇಳಿಕೊಳ್ಳಿ: ಹೆಚ್ಚುಕಡಿಮೆ 100 ಕಿಲೋ ಕಬ್ಬು ಅರೆದರೆ ಸಿಗುವ ಬೆಲ್ಲ 10 ಕಿಲೋ. ಅಂಗಡಿಯಲ್ಲಿ ಬೆಲ್ಲಕ್ಕೆ ಐದು ರೂಪಾಯಿ ಚೌಕಾಶಿ ಮಾಡುವಾಗ ಇದು ನೆನಪಿರಲಿ.

"ಮನೆಗೆ ಬೇರೆ ಕಣವ್ವ"

ಆಲೆಮನೆಯ ಗೌಡರು ಮಾತು ಕಡಿಮೆ. ಅವರ ಹೆಂಡತಿ, ಅರವತ್ತು ದಾಟಿದ ಹೆಂಗಸು, ಆಳುಗಳಿಗೆ ಅಡುಗೆ ಅವರದೇ. ಚಪ್ಪರದ ಮೂಲೆಯಲ್ಲೇ ಒಲೆ ಹೂಡಿ ಅನ್ನ, ಮುದ್ದೆ, ಸಾರು. ಅವತ್ತು ಬಾಣಲೆಯಲ್ಲಿ ಹಾಗಲಕಾಯಿ ಹುರಿಯುತ್ತಿದ್ದರು. ಹುಣಿಸೆ ನೀರು ಕುದಿಯುವ ಹೊತ್ತಿಗೆ ಸೀದಾ ಕೊಪ್ಪರಿಗೆಯ ಹತ್ತಿರ ಹೋಗಿ ಒಂದು ಸೌಟು ಪಾಕ ತಂದು ಬಾಣಲೆಗೆ ಹುಯ್ದರು. ಬೆಲ್ಲ ಕುಟ್ಟುವ ಕೆಲಸವೂ ಇಲ್ಲ, ಸೋಸುವ ಕೆಲಸವೂ ಇಲ್ಲ. ಐದು ನಿಮಿಷದಲ್ಲಿ ಹೋಳುಗಳ ಮೈಗೆಲ್ಲ ಪಾಕ ಹತ್ತಿ ಗೊಜ್ಜು ಮಿಂಚತೊಡಗಿತು. ತಿಂದು ನೋಡಿದೆ. ಕಹಿ ಇತ್ತು, ಆದರೆ ಕಹಿ ಹಿಂದೆ ನಿಂತಿತ್ತು. ಮೊದಲು ಸಿಹಿ, ಆಮೇಲೆ ಹುಳಿ, ಖಾರ, ಕಡೆಯಲ್ಲಿ ಕಹಿ.

ಬಣ್ಣ ಮಾತ್ರ ಒಳ್ಳೆ ಕಾಫಿ ಬೀಜದ ಬಣ್ಣ. ಆದರೆ ಆಗಲೇ ಅಚ್ಚಿನಲ್ಲಿ ತಣಿಯುತ್ತಿದ್ದ ಬೆಲ್ಲ ನೋಡಿದರೆ ನಿಂಬೆಹಣ್ಣಿನ ಸಿಪ್ಪೆಯ ಹಳದಿ.

"ಅಮ್ಮಾ, ಇದು ಅದೇ ಬೆಲ್ಲವೇ?" ಎಂದು ಕೇಳಿದೆ.

"ಅದು ಬೆಳಗಿಂದು, ಮಂಡಿಗೆ ಹೋಗೋದು. ಈಗ ಕುದೀತಾ ಇರೋದು ಮನೆಗೆ. ಮನೆಗೆ ಬೇರೆ ಕಣವ್ವ" ಎಂದರು.

ನಾನು ಮುಖ ನೋಡಿದೆ. ಅವರು ಮುಚ್ಚಿಡಲಿಲ್ಲ. "ಅದಕ್ಕೆ ಹೈಡ್ರೋಸ್ ಹಾಕ್ತಾರೆ. ಪುಡಿ. ಹಾಕಿದ್ರೆ ಬೆಳ್ಳಗಾಯ್ತದೆ. ಹಾಕ್ದೆ ಇದ್ರೆ ಕೆಂಪಗಿರ್ತದೆ, ಮಂಡೀಲಿ ಕಮ್ಮಿ ರೇಟು ಕೂಗ್ತಾರೆ. ಯಾಕ್ರಪ್ಪಾ ಅಂದ್ರೆ, ಪ್ಯಾಟೆ ಹೆಂಗಸ್ರು ಬೆಳ್ಳಗಿರೋದನ್ನೇ ಕೇಳ್ತಾರೆ ಅಂತಾರೆ. ನೀವೇ ಏಳ್ರವ್ವ, ನಾವೇನ್ಮಾಡಾದು?"

ಪೇಟೆ ಹೆಂಗಸರು ಎಂದರೆ ಯಾರು? ನೀವು, ನಾನು. ನಮ್ಮ ಊರಿನ ಅಂಗಡಿಯಲ್ಲಿ ಎರಡು ಅಚ್ಚು ಪಕ್ಕಪಕ್ಕದಲ್ಲಿ ಇಟ್ಟರೆ ನಮ್ಮಲ್ಲಿ ಹೆಚ್ಚಿನವರ ಕೈ ಹೋಗುವುದು ತಿಳಿ ಹಳದಿಯ ಕಡೆಗೇ. "ಅಕ್ಕಿ ಬೆಳ್ಳಗಿರಬೇಕು, ಮೈದಾ ಬೆಳ್ಳಗಿರಬೇಕು, ಬೆಲ್ಲವೂ ಬೆಳ್ಳಗಿರಬೇಕು, ಪಾಯಸದ ಬಣ್ಣ ಕೆಡಬಾರದು." ಆ ಮಾತು ಅಂಗಡಿಯಿಂದ ಮಂಡಿಗೆ, ಮಂಡಿಯಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಆಲೆಮನೆಗೆ ಹೋಗಿ ಕೊಪ್ಪರಿಗೆಗೆ ಪುಡಿಯಾಗಿ ಬೀಳುತ್ತದೆ.

ಹೈಡ್ರೋಸ್ ಎನ್ನುವುದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಯ ಬಣ್ಣ ತೆಗೆಯಲು ಬಳಸುವ ವಸ್ತು. ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶಕ್ಕೆ ಕಾನೂನು ಮಿತಿ ಇಟ್ಟಿದೆ: ಒಂದು ಕಿಲೋಗೆ 70 ಮಿಲಿಗ್ರಾಂ. ಆದರೆ ಕೊಪ್ಪರಿಗೆಯ ಮುಂದೆ ಕೈಯಲ್ಲಿ ಹಿಡಿದು ಎರಚುವಾಗ ಮಿಲಿಗ್ರಾಂ ತೂಗುವವರು ಯಾರು? ಈ ಗಂಧಕದ ಅಂಶ ಹೆಚ್ಚಾದರೆ ಉಬ್ಬಸ ಇರುವ ಕೆಲವರಿಗೆ ಉಸಿರು ಹಿಡಿಯುವುದುಂಟು. ನಮ್ಮ ಅತ್ತೆಯವರಿಗೆ ಹದಿನೈದು ವರ್ಷದಿಂದ ಉಬ್ಬಸ. ಆದ್ದರಿಂದ ಈ ಮಾತು ನನ್ನ ಕಿವಿಗೆ ಚೆನ್ನಾಗಿಯೇ ನಾಟಿತು. ಬೆಲ್ಲದಿಂದಲೇ ಅವರಿಗೆ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಬೇಡದ್ದನ್ನು ದುಡ್ಡು ಕೊಟ್ಟು ಮನೆಗೆ ತರುವುದೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನೂ ಒಂದು ಮಾತು ಆ ಅಮ್ಮನೇ ಹೇಳಿದರು. ಪುಡಿ ಹಾಕಿದ ಬೆಲ್ಲದ ಬಿಳುಪು ನಿಲ್ಲುವುದಿಲ್ಲ. ಇಟ್ಟಷ್ಟೂ ಕಪ್ಪಾಗುತ್ತಾ ಬರುತ್ತದೆ. ನಿಮ್ಮ ಡಬ್ಬದ ಬೆಲ್ಲ ತಂದಾಗ ಹಳದಿ, ಎರಡು ತಿಂಗಳಿಗೆ ಕಂದು ಆಗಿದೆಯೇ? ಒಮ್ಮೆ ಮುಚ್ಚಳ ತೆಗೆದು ನೋಡಿ.

ಮನೆಯಲ್ಲಿ ಮಾಡುವ ಕ್ರಮ

ಆಲೆಮನೆಯ ಕೊಪ್ಪರಿಗೆ ನಮ್ಮ ಮನೆಯಲ್ಲಿಲ್ಲ ನಿಜ. ಆದರೆ ಲೆಕ್ಕ ಅದೇ. ಗೊಜ್ಜಿನ ಹೊಳಪು ಎಂದರೆ ಹೋಳಿನ ಮೈಗೆ ಹಿಡಿದ ಜೋನಿ ಬೆಲ್ಲವೇ. ಅದಕ್ಕಿಂತ ಮೊದಲೇ ಇಳಿಸಿದರೆ ನೀರು, ಅದನ್ನು ದಾಟಿಸಿದರೆ ಅಚ್ಚು. ನಾಲ್ಕು ಜನಕ್ಕೆ, ಎರಡು ಮೂರು ದಿನಕ್ಕೆ ಆಗುವ ಅಳತೆ ಕೊಡುತ್ತೇನೆ.

ಬೇಕಾಗುವ ಸಾಮಾನು: ಹಾಗಲಕಾಯಿ ಕಾಲು ಕಿಲೋ, ಪುಡಿ ಮಾಡಿದ ಕೆಂಪು ಬೆಲ್ಲ 100 ಗ್ರಾಂ, ದೊಡ್ಡ ನಿಂಬೆ ಗಾತ್ರದ ಹುಣಿಸೆಹಣ್ಣು, ಬಿಳಿ ಎಳ್ಳು 2 ದೊಡ್ಡ ಚಮಚ, ತುರಿದ ಒಣಕೊಬ್ಬರಿ 2 ದೊಡ್ಡ ಚಮಚ, ಸಾರಿನ ಪುಡಿ 2 ಟೀ ಚಮಚ, ಅರಿಸಿನ ಕಾಲು ಚಮಚ, ಕಡಲೆಕಾಯಿ ಎಣ್ಣೆ 4 ದೊಡ್ಡ ಚಮಚ, ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು, ರುಚಿಗೆ ಉಪ್ಪು.

ಹಾಗಲಕಾಯಿಯನ್ನು ತೊಳೆದು ತೆಳ್ಳಗೆ ಬಿಲ್ಲೆ ಹೆಚ್ಚಿ, ಬಲಿತ ಬೀಜ ತೆಗೆಯಿರಿ. ಒಂದು ಚಮಚ ಉಪ್ಪು, ಅರಿಸಿನ ಸವರಿ ಅರ್ಧ ಗಂಟೆ ಇಟ್ಟು, ಬಿಟ್ಟ ನೀರನ್ನು ಹಿಂಡಿ ಚೆಲ್ಲಿ. ಕಹಿ ಒಂದು ಪಾಲು ಅದರಲ್ಲೇ ಹೋಗುತ್ತದೆ. ಪೂರ್ತಿ ಹೋಗುವುದೂ ಬೇಡ, ಕಹಿ ಇಲ್ಲದಿದ್ದರೆ ಅದು ಹಾಗಲಕಾಯಿ ಹೇಗಾದೀತು?

ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಕೊಬ್ಬರಿಯನ್ನು ಬೆಚ್ಚಗೆ ಮಾಡಿ, ಎರಡನ್ನೂ ತರಿತರಿಯಾಗಿ ಪುಡಿ ಮಾಡಿಡಿ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಶೋಧಿಸಿ ಪಕ್ಕಕ್ಕಿಡಿ. ಈ ಶೋಧಿಸುವ ಕೆಲಸ ತಪ್ಪಿಸಬೇಡಿ. ಎಷ್ಟು ಒಳ್ಳೆಯ ಬೆಲ್ಲವಾದರೂ ಒಂದು ಎಳೆ ಕಬ್ಬಿನ ನಾರು, ಎರಡು ಹರಳು ಮರಳು ಇದ್ದೇ ಇರುತ್ತದೆ. ಹುಣಿಸೆಹಣ್ಣನ್ನು ಒಂದೂವರೆ ಲೋಟ ಬಿಸಿನೀರಲ್ಲಿ ನೆನೆಸಿ ರಸ ತೆಗೆಯಿರಿ.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು ಹಾಕಿ ಬಿಲ್ಲೆಗಳನ್ನು ಹಾಕಿ. ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ, ಅಂಚು ಕೆಂಪಗಾಗಿ ನಡುವೆ ಮೆತ್ತಗಾಗುವವರೆಗೆ ಹುರಿಯಿರಿ. ಇಲ್ಲಿ ಅವಸರ ಬೇಡ. ಒಮ್ಮೆ ಹುಳಿ, ಬೆಲ್ಲ ಬಿತ್ತೆಂದರೆ ಆಮೇಲೆ ತರಕಾರಿ ಸುಲಭಕ್ಕೆ ಮೆತ್ತಗಾಗುವುದಿಲ್ಲ. ಬೇಳೆ ಬೇಯುವ ಮೊದಲು ಹುಣಿಸೆ ಹಾಕಿದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಚಕ್ಕಳದಂಥ ಹೋಳಿಗೆ ಕಾರಣ ಇದೇ.

ಈಗ ಹುಣಿಸೆ ರಸ, ಸಾರಿನ ಪುಡಿ, ಉಪ್ಪು ಹಾಕಿ. ಮೊದಲೇ ಉಪ್ಪು ಸವರಿರುವುದರಿಂದ ಇಲ್ಲಿ ಕೈ ಹಿಡಿದು ಹಾಕಿ. ಹಸಿ ವಾಸನೆ ಹೋಗುವ ತನಕ, ಸುಮಾರು 8 ನಿಮಿಷ ಕುದಿಸಿ. ಆಮೇಲೆ ಬೆಲ್ಲದ ನೀರು. ಉರಿ ಸಣ್ಣದಿರಲಿ. ಕೊಪ್ಪರಿಗೆಯಲ್ಲಿ ಕಂಡಂತೆಯೇ ಇಲ್ಲೂ ಆಗುತ್ತದೆ: ಮೊದಲು ದೊಡ್ಡ ಗುಳ್ಳೆ, ಬರಬರುತ್ತಾ ಸಣ್ಣ ಗುಳ್ಳೆ. 12ರಿಂದ 15 ನಿಮಿಷಕ್ಕೆ ಅಂಚಿನಲ್ಲಿ ಎಣ್ಣೆ ಬಿಡತೊಡಗುತ್ತದೆ. ಆಗ ಎಳ್ಳು ಕೊಬ್ಬರಿ ಪುಡಿ ಉದುರಿಸಿ ಎರಡು ನಿಮಿಷ ಕೈಯಾಡಿಸಿ.

ಯಾವಾಗ ಇಳಿಸಬೇಕು? ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಗೆರೆ ನಿಂತು, ನಿಧಾನವಾಗಿ ಮುಚ್ಚಿಕೊಂಡರೆ ಅದೇ ಹದ. ಇನ್ನೂ ಸ್ವಲ್ಪ ಗಟ್ಟಿಯಾಗಲಿ ಎಂದು ಮನಸ್ಸು ಹೇಳುತ್ತದೆ, ಕೇಳಬೇಡಿ. ತಣಿದ ಮೇಲೆ ತಾನಾಗಿಯೇ ಗಟ್ಟಿಯಾಗುತ್ತದೆ.

ಗೊಜ್ಜು ಹರಳುಗಟ್ಟದೆ ಹೊಳೆಯುತ್ತಲೇ ಇರುವುದಕ್ಕೂ ಕಾರಣವಿದೆ. ಹುಣಿಸೆಯ ಹುಳಿಯೊಂದಿಗೆ ಕುದಿದಾಗ ಬೆಲ್ಲದ ಸಕ್ಕರೆಯಲ್ಲಿ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಬಗೆಯ ಸಕ್ಕರೆಗಳಾಗುತ್ತದೆ. ಅವು ಬೆರೆತ ಪಾಕ ಬೇಗ ಹರಳಾಗುವುದಿಲ್ಲ. ಲಡ್ಡಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಇದೇ ಕಾರಣಕ್ಕೆ. ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಒಣಗಿದ ಚಮಚ ಬಳಸಿ, ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಇಡಿ. ಹೊರಗೆ ಮೂರು ನಾಲ್ಕು ದಿನ, ಫ್ರಿಜ್ಜಿನಲ್ಲಾದರೆ ಹತ್ತು ಹನ್ನೆರಡು ದಿನ ಬರುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬಿಡಬೇಡಿ, ಹುಳಿ ತಿಂದುಬಿಡುತ್ತದೆ.

ಬೇರೆ ತರಕಾರಿಗೂ ಇದೇ ಹದ

ಹಾಗಲಕಾಯಿ ಒಲ್ಲೆ ಎನ್ನುವ ಮಕ್ಕಳಿದ್ದರೆ ಗೆಣಸು ತೆಗೆದುಕೊಳ್ಳಿ. ಅರ್ಧ ಕಿಲೋ ಗೆಣಸನ್ನು ಹಬೆಯಲ್ಲಿ ಮುಕ್ಕಾಲು ಬೇಯಿಸಿ, ಸಿಪ್ಪೆ ತೆಗೆದು ದಪ್ಪ ಬಿಲ್ಲೆ ಮಾಡಿ. ಎರಡು ಚಮಚ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಹುರಿದು, 75 ಗ್ರಾಂ ಬೆಲ್ಲದ ಶೋಧಿಸಿದ ನೀರು ಹಾಕಿ, ಚಿಟಿಕೆ ಉಪ್ಪು, ಸ್ವಲ್ಪ ಒಣಮೆಣಸಿನ ತರಿ, ಅರ್ಧ ಹೋಳು ನಿಂಬೆರಸ. ಪಾಕ ಹೋಳಿಗೆ ಅಂಟುವವರೆಗೆ ತಿರುವಿದರೆ ಮುಗಿಯಿತು. ಚಪಾತಿಗೂ ಸರಿ, ಮೊಸರನ್ನಕ್ಕೂ ಸರಿ. ಸಿಹಿಗುಂಬಳ, ಗಜ್ಜರಿಗೂ ಇದೇ ಕ್ರಮ. ಉಡುಪಿ, ಮಂಗಳೂರಿನವರು ಅನಾನಸಿಗೂ ಹಾಗಲಕಾಯಿಗೂ ಎಳ್ಳು, ಬೆಲ್ಲ, ಹುಳಿ ಹಾಕಿ ಮೆಣಸ್ಕಾಯಿ ಮಾಡುತ್ತಾರೆ. ಅದು ನಮ್ಮ ಗೊಜ್ಜಿನ ಅಕ್ಕನೋ ತಂಗಿಯೋ ಆಗಬೇಕು.

ಒಂದು ಎಚ್ಚರಿಕೆ. ಹಾಗಲಕಾಯಿ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲವೇ ಎಂದು ಈ ಗೊಜ್ಜನ್ನು ಬಟ್ಟಲು ತುಂಬ ಬಡಿಸಬೇಡಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದೂ ಏರಿಸುತ್ತದೆ. ಅಂಥವರಿಗೆ ನಾಲಿಗೆಗೆ ಸೋಕುವಷ್ಟು ಸಾಕು.

ಬೆಲ್ಲ ಕೊಳ್ಳುವಾಗ

ಹೊಂಬಣ್ಣದಿಂದ ಗಾಢ ಕಂದಿನವರೆಗೆ ಬಣ್ಣ ಇದ್ದರೆ ಸಹಜ. ಕಬ್ಬಿನ ತಳಿ, ಮಣ್ಣು, ಕಾಯಿಸಿದ ಹದ, ಇವುಗಳಿಂದ ಬಣ್ಣ ಬೇರೆಯಾಗುತ್ತದೆ. ಆದ್ದರಿಂದ ಕಪ್ಪಾದದ್ದೆಲ್ಲ ಅಪ್ಪಟ ಎಂದೂ ತಿಳಿಯಬೇಡಿ. ಸೀದ ಪಾಕದ ಬೆಲ್ಲವೂ ಕಪ್ಪಗೇ ಇರುತ್ತದೆ, ಅದರ ರುಚಿ ಕಹಿ. ಒಂದು ಚೂರು ಬಾಯಿಗೆ ಹಾಕಿ ನೋಡಿ. ಉಪ್ಪುಪ್ಪಾಗಿ, ಕಹಿಯಾಗಿ ಇರಬಾರದು. ಒಂದು ತುಂಡನ್ನು ಲೋಟದ ನೀರಿನಲ್ಲಿ ಕರಗಿಸಿ ಸ್ವಲ್ಪ ಹೊತ್ತು ಬಿಡಿ, ತಳದಲ್ಲಿ ಬಿಳಿ ಪುಡಿ ನಿಂತರೆ ಅದರಲ್ಲಿ ಸೀಮೆಸುಣ್ಣ ಬೆರೆತಿದೆ ಎಂದು ಅನುಮಾನಿಸಬಹುದು. ಅತಿ ಬೆಳ್ಳಗೆ, ಅತಿ ಅಂದವಾಗಿ, ಎಲ್ಲ ಅಚ್ಚೂ ಒಂದೇ ಬಣ್ಣದಲ್ಲಿದ್ದರೆ ಒಂದು ಸಲ ಯೋಚಿಸಿ.

ಮಂಡ್ಯದ ಕಡೆ ಹೋಗುವವರು ನೀವೂ ಆಲೆಮನೆ ನೋಡಿ ಬನ್ನಿ. ಪರಿಚಯದವರ ಮೂಲಕ ಹೋದರೆ ಒಳ್ಳೆಯದು. ಮೊದಲೇ ಹೇಳಿ ಕಳಿಸಿದರೆ ಪುಡಿ ಹಾಕದ ಒಂದು ಪಾಕ ತೆಗೆದುಕೊಡಿ ಎಂದು ಕೇಳಲೂಬಹುದು. ಬೆಳಿಗ್ಗೆ ಬೇಗ ಹೋಗಿ, ಗಾಣದ ಹಾಲು ಕುಡಿಯಿರಿ. ಕೊಪ್ಪರಿಗೆಯ ಹತ್ತಿರ ಮಕ್ಕಳನ್ನು ಮಾತ್ರ ಬಿಡಬೇಡಿ. ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ದೂರವೇ ನಿಲ್ಲಿ.

ನಾನು ಬರುವಾಗ ಆ ಅಮ್ಮ ತಮ್ಮ ಮನೆಯ ಪಾಕದ ಆರು ಅಚ್ಚನ್ನು ಕಟ್ಟಿಕೊಟ್ಟರು. ದುಡ್ಡು ಕೊಟ್ಟರೆ ಮಂಡಿಗೆ ಹೋದ ಬೆಲ್ಲದ ದರವನ್ನೇ ತೆಗೆದುಕೊಂಡರು, ಒಂದು ರೂಪಾಯಿ ಹೆಚ್ಚಿಗೆ ಇಲ್ಲ. ಊರಿಗೆ ಬಂದ ಮೇಲೆ ನಮ್ಮ ಬೀದಿಯ ಅಂಗಡಿಯವರಿಗೆ ಒಂದು ಅಚ್ಚು ತೋರಿಸಿ "ಇಂಥದ್ದು ತರಿಸ್ತೀರಾ?" ಎಂದೆ. "ತರಿಸಬಹುದು ಅಕ್ಕಾ, ಆದರೆ ಕೊಳ್ಳೋರು ಯಾರು?" ಎಂದರು. ನಾನೊಬ್ಬಳು ತಿಂಗಳಿಗೆ ಎರಡು ಕಿಲೋ ಕೊಳ್ಳುತ್ತೇನೆ ಎಂದರೆ ಅವರಿಗೆ ಗಿಟ್ಟುವುದಿಲ್ಲ. ಈಗ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಹೇಳಿದ್ದೇವೆ, ಯುಗಾದಿಗೆ ಒಂದು ಮೂಟೆ ಬರುತ್ತದಂತೆ. ನಿಮ್ಮ ಬೀದಿಯಲ್ಲೂ ನಾಲ್ಕು ಮನೆ ಇರಬೇಕಲ್ಲ?